ಮನೆಯ ಕತ್ತಲೆ ಮೂಲೆಯಿಂದ ಶುರು

(ಹಳೆ ಮನೆಗಳನ್ನು ತಿದ್ದುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ನಕ್ಷೆಗಳು ಇಲ್ಲಿಲ್ಲ. ಅದಕ್ಕೆ ಕೆಲವು ಕಡೆ ಎರಡು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಅರ್ಧ ಗಂಟೆ ಮುಂಚೆಯೇ ಬಂದಿದ್ದೆ. ಬೆಳಕು ಅಳೆಯುವ ಮೀಟರು ಹಿಡಿದುಕೊಂಡು ಈ ಸಭಾಂಗಣದ ತುಂಬಾ ಓಡಾಡುತ್ತಿದ್ದೆ. ಒಬ್ಬರು ನನ್ನನ್ನು ಮೈಕ್ ಸರಿ ಮಾಡುವವನು ಅಂದುಕೊಂಡು, "ಸ್ವಲ್ಪ ಸೌಂಡ್ ಕಡಿಮೆ ಮಾಡಿ" ಅಂದರು. ಮಾಡಿದೆ. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ನೋಡಿದರೆ ಪರದೆಗಳನ್ನೆಲ್ಲ ಎಳೆದು, ದೀಪಗಳನ್ನೆಲ್ಲ ಹಾಕಿದ್ದಾರೆ. ಈ ಪರದೆಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ಯಾರೂ ತೆಗೆಯಬೇಡಿ.

ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದು ಹಳೆ ಮನೆ ತಿದ್ದುವ ಕೆಲಸ. ಹೊಸ ಮನೆ ಕಟ್ಟಿಸುವವರು ಕನಸು ಹೊತ್ತು ಬರುತ್ತಾರೆ. ಹಳೆ ಮನೆ ತಿದ್ದಿಸುವವರು ದೂರು ಹೊತ್ತು ಬರುತ್ತಾರೆ. ದೂರು ಹೆಚ್ಚಾಗಿ ಎರಡೇ. ಒಂದು, "ಮನೆಯಲ್ಲಿ ಜಾಗ ಇಲ್ಲ". ಎರಡು, "ಮನೆ ಕತ್ತಲೆ". ಇವೆರಡನ್ನೂ ಬೇರೆ ಬೇರೆ ಕಾಯಿಲೆ ಅಂದುಕೊಂಡೇ ನಾನೂ ಎಷ್ಟೋ ವರ್ಷ ಮದ್ದು ಕೊಟ್ಟೆ. ಈಗ ಹಾಗನ್ನಿಸುವುದಿಲ್ಲ. ಜಾಗ ಇಲ್ಲ ಅನ್ನುವ ಮನೆಗೆ ಹೋಗಿ ನೋಡಿ. ಹಾಲಿನ ಹಿಂಭಾಗದಲ್ಲಿ ಒಂದು ಮೂಲೆ ಇರುತ್ತದೆ. ಅಲ್ಲಿ ಯಾರೂ ಕೂರುವುದಿಲ್ಲ, ಯಾಕಂದರೆ ಕತ್ತಲೆ. ಯಾರೂ ಕೂರದ ಜಾಗಕ್ಕೆ ಮೊದಲು ಒಂದು ಡಬ್ಬ ಬರುತ್ತದೆ. ಆಮೇಲೆ ಮುರಿದ ಕುರ್ಚಿ. ಆಮೇಲೆ ಅದನ್ನೆಲ್ಲ ಮುಚ್ಚಲು ಒಂದು ಕಪಾಟು. ಹೀಗೆ ಇಪ್ಪತ್ತು ಅಡಿ ಉದ್ದದ ಹಾಲು ಹದಿಮೂರು ಅಡಿಗೆ ಬಂದು ನಿಲ್ಲುತ್ತದೆ. ಮನೆಯವರು ಎಲ್ಲಾ ಕಿಟಕಿಯ ಹತ್ತಿರವೇ ಒತ್ತಿಕೊಂಡು ಕೂತು, ಮನೆ ಚಿಕ್ಕದು ಅನ್ನುತ್ತಾರೆ. ಕಾಗದದ ಮೇಲೆ ಚದರ ಅಡಿ ಅಷ್ಟೇ ಇದೆ. ಆದರೆ ಮೂರರಲ್ಲಿ ಒಂದು ಪಾಲನ್ನು ಕತ್ತಲೆ ನುಂಗಿ ಕೂತಿದೆ.

ಹಾಗಾಗಿ ಇವತ್ತಿನ ನನ್ನ ಮಾತು ಇಷ್ಟೇ. ಗೋಡೆ ಒಡೆಯುವ ಮೊದಲು ಬೆಳಕು ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ಜನ ಎಲ್ಲಿ ನಡೆಯುತ್ತಾರೆ ಅಂತ ನೋಡಿ. ಸುತ್ತಿಗೆ ಆಮೇಲೆ.

ಬೆಳಕಿನಿಂದ ಶುರು ಮಾಡೋಣ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಅಳೆಯುತ್ತಾರೆ. ನೇರ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ ಇರುತ್ತದೆ. ಮೋಡ ಕವಿದ ದಿನವೂ ಹೊರಗೆ 10,000ದ ಹತ್ತಿರ ಇರುತ್ತದೆ. ಅದೇ ಮನೆಯೊಳಗೆ, ರಾತ್ರಿ ದೀಪ ಹಾಕಿದಾಗ 100ರಿಂದ 200 ಇದ್ದರೆ ನಮಗೆ ಸಾಕು ಅನ್ನಿಸುತ್ತದೆ. ಓದಲು 300ರಿಂದ 500 ಬೇಕು. ವ್ಯತ್ಯಾಸ ನೋಡಿ, ಎಲ್ಲಿಯ 10,000, ಎಲ್ಲಿಯ 100! ಆದರೂ ಹೊರಗಿನಿಂದ ಒಳಗೆ ಬಂದಾಗ ಬೆಳಕು ನೂರು ಪಟ್ಟು ಕಡಿಮೆಯಾಯಿತು ಅಂತ ಯಾರಿಗೂ ಅನ್ನಿಸುವುದಿಲ್ಲ. ಕಣ್ಣು ಹೊಂದಿಕೊಂಡುಬಿಡುತ್ತದೆ. ಇದು ಕಣ್ಣಿನ ದೊಡ್ಡ ಗುಣ. ಮನೆ ತಿದ್ದುವವರಿಗೆ ಮಾತ್ರ ಇದೇ ದೊಡ್ಡ ಮೋಸ. ಕಣ್ಣು "ಪರವಾಗಿಲ್ಲ" ಅನ್ನುತ್ತದೆ, ದೇಹ ಮಾತ್ರ ಎದ್ದು ಕಿಟಕಿ ಹತ್ತಿರ ಹೋಗಿ ಕೂರುತ್ತದೆ. ನಾನು ದೇಹದ ಮಾತನ್ನೇ ನಂಬುತ್ತೇನೆ. ಯಾರ ಮನೆಗೆ ಹೋದರೂ ಮೊದಲು ನೋಡುವುದು ಕುರ್ಚಿಗಳು ಎಲ್ಲಿವೆ ಅಂತ.

ಕಿಟಕಿಯಿಂದ ಬೆಳಕು ಎಷ್ಟು ಒಳಗೆ ಹೋಗುತ್ತದೆ? ಇದಕ್ಕೆ ಕಟ್ಟಡದವರ ಬಳಿ ಒಂದು ಹಳೆ ಅಂದಾಜಿದೆ. ನೆಲದಿಂದ ಕಿಟಕಿಯ ಮೇಲಂಚಿನವರೆಗೆ ಎಷ್ಟು ಎತ್ತರವೋ, ಅದರ ಎರಡರಿಂದ ಎರಡೂವರೆ ಪಟ್ಟು ದೂರ. ಮೇಲಂಚು, ಗಮನಿಸಿ. ಅಗಲ ಅಲ್ಲ. ಕಿಟಕಿಯ ಮೇಲಂಚು ಏಳು ಅಡಿಯಲ್ಲಿದ್ದರೆ, ಕೆಲಸಕ್ಕೆ ಬರುವ ಬೆಳಕು ಹದಿನಾಲ್ಕು, ಹೆಚ್ಚೆಂದರೆ ಹದಿನೇಳು ಅಡಿವರೆಗೆ ಬರುತ್ತದೆ. ಅದೂ ಹೊರಗೆ ಏನೂ ಅಡ್ಡ ಇಲ್ಲದಿದ್ದರೆ.

ಒಂದು ಮನೆಯ ಕಥೆ ಹೇಳುತ್ತೇನೆ. ಹಾಲು ಇಪ್ಪತ್ತು ಅಡಿ ಆಳ. ಕಿಟಕಿ ಒಂದೇ ಕಡೆ. ಹಿಂದೆ ಕತ್ತಲೆ ಅಂತ ಅವರು ಐದು ಅಡಿ ಅಗಲದ ಕಿಟಕಿಯನ್ನು ಒಂಬತ್ತು ಅಡಿ ಮಾಡಿಸಿದರು. ದುಡ್ಡು, ಧೂಳು, ಎರಡು ವಾರದ ಗಲಾಟೆ. ಎಲ್ಲಾ ಮುಗಿದ ಮೇಲೆ ಹಿಂದಿನ ಮೂಲೆ ಮೊದಲಿಗಿಂತ ಕತ್ತಲೆಯಾಗಿ ಕಂಡಿತು! ನನ್ನನ್ನು ಕರೆದಾಗ ಅವರಿಗೆ ಕೋಪವೋ ಅಳುವೋ ಗೊತ್ತಾಗುತ್ತಿರಲಿಲ್ಲ. ಆಗಿದ್ದು ಇಷ್ಟು. ಕಿಟಕಿಯ ಹತ್ತಿರ ಬೆಳಕು ತುಂಬಾ ಜಾಸ್ತಿಯಾಯಿತು. ಹಿಂದೆ ಅಲ್ಪ ಸ್ವಲ್ಪ ಮಾತ್ರ ಏರಿತು. ಕಣ್ಣು ಆ ಪ್ರಕಾಶಕ್ಕೆ ಹೊಂದಿಕೊಂಡಿತು. ಆದ್ದರಿಂದ ಹಿಂದಿನದು ಇನ್ನೂ ಮಂಕಾಗಿ ಕಂಡಿತು.

ನಾವು ಮಾಡಿದ್ದು ಸಣ್ಣ ಕೆಲಸ. ಲಿಂಟೆಲ್ಲಿನ, ಅಂದರೆ ಕಿಟಕಿಯ ತಲೆಯ ಮೇಲಿನ ಅಡ್ಡ ತೊಲೆಯ ಮೇಲೆ, ಬೀಮಿನ ಕೆಳಗೆ, ಎರಡೂವರೆ ಅಡಿಯಷ್ಟು ಸುಮ್ನೆ ಗೋಡೆ ಇತ್ತು. ಅದರಲ್ಲಿ ಒಂದೂವರೆ ಅಡಿ ಎತ್ತರದ ಗಾಜಿನ ಪಟ್ಟಿಯೊಂದನ್ನು ಕೂರಿಸಿದೆವು. ಬೆಳಕಿನ ಮೇಲಂಚು ಏಳರಿಂದ ಒಂಬತ್ತು ಅಡಿಯ ಹತ್ತಿರ ಬಂತು. ಲೆಕ್ಕ ನೀವೇ ಮಾಡಿ, ಈಗ ಹದಿನೆಂಟು ಇಪ್ಪತ್ತು ಅಡಿಗೆ ಬೆಳಕು ಮುಟ್ಟುತ್ತದೆ. ಇನ್ನೊಂದು ಲಾಭವೂ ಸಿಕ್ಕಿತು. ಹೊರಗೆ ಹಳೆ ಲಿಂಟೆಲ್ ಮಟ್ಟದಲ್ಲಿ ಮಳೆ ತಡೆಯುವ ಸಜ್ಜಾ ಇತ್ತಲ್ಲ, ಅದರ ಮೇಲ್ಮೈಗೆ ಬಿಳಿ ಬಣ್ಣ ಹೊಡೆದೆವು. ಬೆಳಕು ಅದರ ಮೇಲೆ ಬಿದ್ದು, ಪುಟಿದು, ಆ ಪಟ್ಟಿಯ ಮೂಲಕ ಒಳಗಿನ ಚಾವಣಿಗೆ ಹೋಗುತ್ತದೆ. ಚಾವಣಿಯಿಂದ ಹಿಂದಿನ ಮೂಲೆಗೆ ಇಳಿಯುತ್ತದೆ. ಬಿಸಿಲು ನೇರವಾಗಿ ಯಾರ ಕಣ್ಣಿಗೂ ಹೊಡೆಯುವುದಿಲ್ಲ. ಒಂಬತ್ತು ಅಡಿ ಕಿಟಕಿಗೆ ಹಾಕಿದ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಕಿಟಕಿ ಉದ್ದವಾಗಿರಬೇಕೋ ಅಗಲವಾಗಿರಬೇಕೋ ಅನ್ನುವುದು ದೊಡ್ಡವರ ನಡುವೆಯೂ ಜಗಳವಾಗಿದ್ದ ವಿಷಯ. 1920ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೆ ಕಾರ್ಬುಸಿಯೆ ಎಂಬ ವಾಸ್ತುಶಿಲ್ಪಿ ಅಡ್ಡಕ್ಕೆ ಹರಿಯುವ ಪಟ್ಟಿ ಕಿಟಕಿಯೇ ಆಗಬೇಕು ಅಂದರು. ಅವರು ಹಿಂದೆ ಕೆಲಸ ಮಾಡಿದ್ದ ಕಚೇರಿಯ ಯಜಮಾನ ಓಗ್ಯುಸ್ತ್ ಪೆರೆ ಮಾತ್ರ ಎತ್ತರದ ಕಿಟಕಿಯ ಪಕ್ಷ ಬಿಡಲಿಲ್ಲ. ಇಬ್ಬರದೂ ಒಂದೊಂದು ನಿಜ. ಕಿಟಕಿಯ ಗೋಡೆಯ ಉದ್ದಕ್ಕೂ ಸಮವಾಗಿ ಬೆಳಕು ಬೇಕಾದರೆ ಅಗಲ. ಕೋಣೆಯ ಆಳಕ್ಕೆ ಬೇಕಾದರೆ ಎತ್ತರ. ನಮ್ಮ ಹೆಚ್ಚಿನ ಮನೆಗಳ ಸಮಸ್ಯೆ ಆಳದ್ದು, ಹಾಗಾಗಿ ನನ್ನ ಓಟು ಪೆರೆಗೆ.

ಮನೆಗೆ ಹೋಗಿ ಮಾಡಬಹುದಾದ ಪರೀಕ್ಷೆ ಒಂದಿದೆ, ಮೀಟರು ಬೇಡ. ಕೋಣೆಯ ಒಂದೊಂದು ಜಾಗದಲ್ಲೂ ಕುರ್ಚಿ ಹಾಕಿ ಕೂತು ನೋಡಿ. ಕೂತಲ್ಲಿಂದ ಆಕಾಶದ ಚೂರಾದರೂ ಕಾಣುತ್ತದಾ? ಕಂಡರೆ ಅಲ್ಲಿ ಹಗಲು ಬೆಳಕು ಇದೆ. ಎದುರು ಮನೆಯ ಗೋಡೆ ಮಾತ್ರ ಕಂಡರೆ, ನಿಮಗೆ ಸಿಗುತ್ತಿರುವುದು ಆ ಗೋಡೆಯಿಂದ ಪುಟಿದ ಎರಡನೇ ಕೈ ಬೆಳಕು. ಆಕಾಶ ಕಾಣದ ಕಡೆಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಮನೆಯ ನಕ್ಷೆಗಿಂತ ಆ ಗೆರೆ ನನಗೆ ಜಾಸ್ತಿ ವಿಷಯ ಹೇಳುತ್ತದೆ.

ಈಗ ಪರದೆಗಳಿಗೆ ಬರೋಣ. ದಯವಿಟ್ಟು ದೀಪಗಳನ್ನು ಆರಿಸಿ. ಎಡಗಡೆಯ ಪರದೆಗಳನ್ನು ಮಾತ್ರ ತೆಗೆಯಿರಿ.

(ಆರಿಸಿದರು, ತೆಗೆದರು. ಒಂದು ಪರದೆಯ ಕೊಂಡಿ ಕಿತ್ತು ಬಂತು. ಸಂಘಟಕರ ಮುಖ ನೋಡಲಿಲ್ಲ.)

ನಡುವಿನ ಸಾಲಿನಲ್ಲಿ ಮೊದಲು ಮೀಟರು 180 ತೋರಿಸಿತ್ತು. ಈಗ 400 ದಾಟಿದೆ. ಎರಡು ಪಟ್ಟಿಗೂ ಜಾಸ್ತಿ. ಆದರೆ ಬಲಗಡೆ ಕೂತವರನ್ನು ಕೇಳಿ. "ಕತ್ತಲೆ ಆಯ್ತು" ಅನ್ನುತ್ತಿದ್ದಾರೆ, ಅಲ್ವಾ? ಇಲ್ಲಿಂದ ನನಗೆ ನಿಮ್ಮೆಲ್ಲರ ಮುಖ ಅರ್ಧ ಮಾತ್ರ ಕಾಣುತ್ತಿದೆ. ಅರ್ಧ ಬೆಳಕು, ಅರ್ಧ ಮಸಿ. ಕಿಟಕಿ ಸಾಲಿನವರು ಎದ್ದು ನಿಂತರೆ ಬರೀ ನೆರಳಿನ ಆಕಾರ. ಈಗ ಬಲಗಡೆಯದನ್ನೂ ತೆಗೆಯಿರಿ.

ನೋಡಿ. ಮುಖಗಳು ಬಂದವು. ಬಲಗಡೆಯ ಹೊರಗೆ ಮರ ಇದೆ, ಹಾಗಾಗಿ ಆ ಕಡೆಯಿಂದ ಬಂದ ಬೆಳಕು ಅಷ್ಟೇನೂ ಇಲ್ಲ. ಆದರೂ ಕೋಣೆ ಪೂರ್ತಿ ಬದಲಾಯಿತು. ಒಂದು ಕಡೆಯ ಬೆಳಕು ಮಾಡಿದ ನೆರಳನ್ನು ಇನ್ನೊಂದು ಕಡೆಯದು ತುಂಬಿತು. ಗಿರಾಕಿಗಳು "ದೊಡ್ಡ ಕಿಟಕಿ ಬೇಕು" ಅಂದಾಗ ನಾನು ಕೇಳುವುದು ಇದನ್ನೇ. ಇರುವ ಕಿಟಕಿಯನ್ನು ದೊಡ್ಡದು ಮಾಡುವ ಬದಲು, ಇನ್ನೊಂದು ಗೋಡೆಯಲ್ಲಿ ಒಂದು ಚಿಕ್ಕದು ಸಾಧ್ಯವಾ? ಹೊರಗೋಡೆ ಇಲ್ಲದಿದ್ದರೆ ಬಾಗಿಲ ಮೇಲಿನ ಗಾಜು, ಪಕ್ಕದ ಕೋಣೆಯ ಕಡೆಗೆ ಎತ್ತರದಲ್ಲಿ ಒಂದು ಪಟ್ಟಿ. ಎರವಲು ಬೆಳಕಾದರೂ ಆಯಿತು. ಪರದೆ ಹಾಗೇ ಇರಲಿ, ನಕ್ಷೆ ತೋರಿಸುವಾಗ ಮಾತ್ರ ಮುಚ್ಚೋಣ.

ದಿಕ್ಕಿನ ಬಗ್ಗೆ ಒಂದೇ ಮಾತು. ಪೂರ್ವ, ಪಶ್ಚಿಮದ ಬಿಸಿಲು ತಗ್ಗಾಗಿ, ಓರೆಯಾಗಿ ಬರುತ್ತದೆ. ಮೇಲಿನ ಸಜ್ಜಾ ಅದನ್ನು ತಡೆಯುವುದಿಲ್ಲ. ಪಶ್ಚಿಮಕ್ಕೆ ದೊಡ್ಡ ಗಾಜು ಹಾಕಿಸಿಕೊಂಡವರು ಆಮೇಲೆ ದಪ್ಪ ಪರದೆಯನ್ನೂ ಹಾಕಿಸುತ್ತಾರೆ. ಮೂರು ಗಂಟೆಗೆ ಮುಚ್ಚಿದ ಆ ಪರದೆ ಮರುದಿನ ಬೆಳಗ್ಗೆಯೂ ಮುಚ್ಚಿಯೇ ಇರುತ್ತದೆ. ಅಲ್ಲಿಗೆ ಆ ಕಿಟಕಿ ಇಲ್ಲವೆಂದೇ ಲೆಕ್ಕ.

ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗೆ ತೆರಿಗೆ ಇತ್ತು. ಜಾಸ್ತಿ ಕಿಟಕಿ ಇದ್ದರೆ ಜಾಸ್ತಿ ತೆರಿಗೆ. ಜನ ಇಟ್ಟಿಗೆ ಇಟ್ಟು ಕಿಟಕಿ ಮುಚ್ಚಿದರು. ಅಂಥ ಕುರುಡು ಕಿಟಕಿಗಳು ಅಲ್ಲಿನ ಹಳೆ ಮನೆಗಳಲ್ಲಿ ಇವತ್ತಿಗೂ ಕಾಣುತ್ತವೆ. ನಮಗೆ ಅಂಥ ತೆರಿಗೆ ಯಾರೂ ಹಾಕಿಲ್ಲ. ನಾವು ಕಪಾಟು ಇಟ್ಟು ಮುಚ್ಚುತ್ತೇವೆ. ನಾನು ಕೈ ಹಾಕಿದ ಮನೆಗಳಲ್ಲಿ ಹಲವಕ್ಕೆ ಮೊದಲ ದಿನದ ಕೆಲಸವೇ ಕಿಟಕಿಯ ಮುಂದಿನ ಸಾಮಾನು ಎತ್ತುವುದು. ಖರ್ಚು ಏನೂ ಇಲ್ಲ. ಹಾಗೇ, ಸೊಳ್ಳೆ ಪರದೆ ಬೆಳಕನ್ನೂ ತಿನ್ನುತ್ತದೆ. ತೆರೆಯುವ ಭಾಗಕ್ಕೆ ಮಾತ್ರ ಹಾಕಿ. ತೆರೆಯದ ಗಾಜಿಗೆ ಅದು ಯಾಕೆ?

ಒಳಗೆ ಬಂದ ಬೆಳಕನ್ನು ಗೋಡೆಗಳು ಏನು ಮಾಡುತ್ತವೆ ಅನ್ನುವುದು ಇನ್ನೊಂದು ಅರ್ಧ. ಹೊಸದಾಗಿ ಬಳಿದ ಬಿಳಿ ಗೋಡೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಷ್ಟನ್ನು ವಾಪಸ್ ಕೊಡುತ್ತದೆ. ಒಂದು ಮಧ್ಯಮ ಬಣ್ಣದ ಗೋಡೆ ನೂರಕ್ಕೆ 40 ಕೊಡುತ್ತದೆ ಅಂದುಕೊಳ್ಳಿ. ಅರ್ಧದಷ್ಟು ತಾನೇ ಅನ್ನಿಸಬಹುದು. ಆದರೆ ಹಿಂದಿನ ಮೂಲೆಗೆ ಬೆಳಕು ಒಂದೇ ಸಲ ಪುಟಿದು ಹೋಗುವುದಿಲ್ಲ. ಎರಡು ಸಲ ಪುಟಿದರೆ ಬಿಳಿ ಕೋಣೆಯಲ್ಲಿ 64 ಉಳಿಯಿತು, ಇನ್ನೊಂದರಲ್ಲಿ 16. ಮೂರು ಸಲವಾದರೆ 51 ಮತ್ತು 6. ಕಿಟಕಿ ಅದೇ, ಗಾಜು ಅದೇ!

ಹಾಗಂತ ಎಲ್ಲಾ ಬಿಳಿ ಬಳಿಯಿರಿ ಅಂತ ನಾನು ಹೇಳುತ್ತಿಲ್ಲ. ಎಲ್ಲಾ ಬಿಳಿಯಾದ ಕೋಣೆಯಲ್ಲಿ ನನಗೇ ಅರ್ಧ ಗಂಟೆ ಕೂರಲು ಆಗುವುದಿಲ್ಲ. ಬಿಳಿ ಎಲ್ಲಿ ದುಡಿಯುತ್ತದೋ ಅಲ್ಲಿ ಹಾಕಿ. ಚಾವಣಿಗೆ ಖಂಡಿತ ಬಿಳಿ. ಆಮೇಲೆ ಕಿಟಕಿಯ ಪಕ್ಕದ ಗೋಡೆ, ಅಂದರೆ ಬೆಳಕು ಉಜ್ಜಿಕೊಂಡು ಹೋಗುವ ಗೋಡೆ. ಆಮೇಲೆ ಕಿಟಕಿಯ ಒಳಮೈ, ಗೋಡೆಯ ದಪ್ಪದಲ್ಲಿ ಕಾಣುವ ಆ ಪಟ್ಟಿ. ಇದನ್ನು ಜನ ಮರೆಯುತ್ತಾರೆ. ಹಳೆ ಕಾಲದ ದಪ್ಪ ಕಲ್ಲುಗೋಡೆಯ ಕಟ್ಟಡಗಳಲ್ಲಿ ಇದನ್ನು ಒಳಮುಖವಾಗಿ ಓರೆ ಮಾಡುತ್ತಿದ್ದರು. ಕಿಟಕಿ ಹೊರಗೆ ಚಿಕ್ಕದು, ಒಳಗೆ ಅಗಲ. ಓರೆಯ ಮೈ ಮಧ್ಯಮ ಬೆಳಕಲ್ಲಿ ಇರುತ್ತದೆ. ಹಾಗಾಗಿ ಉರಿಯುವ ಆಕಾಶಕ್ಕೂ ಮಂಕು ಗೋಡೆಗೂ ನಡುವೆ ಕಣ್ಣಿಗೆ ಒಂದು ಮೆಟ್ಟಿಲು ಸಿಗುತ್ತದೆ. ಕಿಟಕಿ ಹೊಸದಾಗಿ ಹಾಕಿಸುವಾಗ ಮೇಸ್ತ್ರಿಗೆ ಹೇಳಿ, ಅಂಚನ್ನು ಓರೆಗೆ ಗಾರೆ ಮಾಡಲಿ. ಮಿಕ್ಕ ಗೋಡೆಗಳಿಗೆ ನಿಮ್ಮ ಇಷ್ಟದ ಬಣ್ಣ. ಕಿಟಕಿ ಇರುವ ಗೋಡೆಗೆ ಮಾತ್ರ ಕಡು ಬಣ್ಣ ಬೇಡ. ಅದರ ಮೇಲೆ ಬೆಳಕು ಬೀಳುವುದೇ ಕಡಿಮೆ, ಜೊತೆಗೆ ಕಣ್ಣು ಕೋರೈಸುತ್ತದೆ.

ಕನ್ನಡಿಯ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಲಂಡನ್ನಿನಲ್ಲಿ ಜಾನ್ ಸೋನ್ ಎಂಬ ವಾಸ್ತುಶಿಲ್ಪಿಯ ಮನೆ ಇದೆ, ಈಗ ಮ್ಯೂಸಿಯಂ. ಪಕ್ಕ ಪಕ್ಕದ ಮೂರು ಮನೆಗಳನ್ನು ಒಂದಾದ ಮೇಲೊಂದು ಕೊಂಡು, 1792ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಕಟ್ಟಿ, ಒಡೆದು, ಮತ್ತೆ ಕಟ್ಟಿ ಮಾಡಿದ್ದು. ಅದರಲ್ಲಿ ಒಂದು ಚಿಕ್ಕ ಕೋಣೆಗೆ ಗುಮ್ಮಟದ ಚಾವಣಿ. ಅದರಲ್ಲೆಲ್ಲ ಸಣ್ಣ ಸಣ್ಣ ಉಬ್ಬುಗನ್ನಡಿಗಳು. ಬೆಳಕು ಬರುವುದು ಮೇಲಿನಿಂದ. ಕೋಣೆ ಎಲ್ಲಿ ಮುಗಿಯಿತು ಅಂತ ತಕ್ಷಣ ಗೊತ್ತೇ ಆಗುವುದಿಲ್ಲ. ಹೆಂಡತಿ ಮಕ್ಕಳ ತಾಳ್ಮೆಗೆ ಮೆಚ್ಚಬೇಕು. ನಾವು ಅಷ್ಟೆಲ್ಲ ಮಾಡುವುದು ಬೇಡ. ಒಂದು ಕನ್ನಡಿ ಸಾಕು. ಕಿಟಕಿಗೆ ನೇರ ಎದುರಿಗಲ್ಲ, ಕಿಟಕಿಯ ಪಕ್ಕದ ಗೋಡೆಯಲ್ಲಿ. ಕತ್ತಲೆ ಗೋಡೆಯನ್ನೇ ತೋರಿಸುವ ಕನ್ನಡಿ ಕತ್ತಲೆಯನ್ನು ಎರಡು ಪಟ್ಟು ಮಾಡುತ್ತದೆ, ಅಷ್ಟೇ.

ಮೇಲಿನ ಬೆಳಕಿನ ಲೆಕ್ಕವೇ ಬೇರೆ. ದಟ್ಟ ಮೋಡದ ದಿನ ನೆತ್ತಿಯ ಮೇಲಿನ ಆಕಾಶ ದಿಗಂತದ ಹತ್ತಿರದ ಆಕಾಶಕ್ಕಿಂತ ಸುಮಾರು ಮೂರು ಪಟ್ಟು ಪ್ರಕಾಶವಾಗಿರುತ್ತದೆ. ಹಾಗಾಗಿ ಚಾವಣಿಯಲ್ಲಿ ಮಾಡಿದ ಒಂದು ಚಿಕ್ಕ ಕಿಂಡಿ ಗೋಡೆಯ ದೊಡ್ಡ ಕಿಟಕಿಯಷ್ಟು ಕೆಲಸ ಮಾಡುತ್ತದೆ. ಮನೆಯ ಹೊಟ್ಟೆಯಲ್ಲಿ ಮೆಟ್ಟಿಲಿದ್ದರೆ ಅದರ ಮೇಲೆ ಸ್ಕೈಲೈಟ್ ಹಾಕಿ, ಮೆಟ್ಟಿಲ ಪಕ್ಕದ ಗೋಡೆಗೆ ಬಿಳಿ ಬಳಿಯಿರಿ. ಎರಡು ಮಹಡಿಯ ನಡುಭಾಗಕ್ಕೂ ಬೆಳಕು ಇಳಿಯುತ್ತದೆ. ಬಿಸಿಲೂರಲ್ಲಿ ಚಾವಣಿಯ ಗಾಜಿನಿಂದ ಸೆಕೆ ಇಳಿಯುತ್ತದೆ, ಇದು ನಿಜ. ಚಿಕ್ಕದಾಗಿರಲಿ, ಬಿಸಿ ಗಾಳಿ ಹೋಗಲು ಪಕ್ಕದಲ್ಲಿ ಕಿಂಡಿ ಇರಲಿ, ಗಾಜಿನ ಚೌಕಟ್ಟು ಚಾವಣಿಗಿಂತ ಆರು ಇಂಚಾದರೂ ಎದ್ದಿರಲಿ. ಸೋರುವುದು ಗಾಜಲ್ಲ, ಅಂಚು.

ಈಗ ಗೋಡೆ ಒಡೆಯುವ ವಿಷಯ. ಎಲ್ಲರೂ ಇದಕ್ಕೇ ಕಾಯುತ್ತಿದ್ದೀರಿ ಅನ್ನುವುದು ಮುಖದಲ್ಲೇ ಗೊತ್ತಾಗುತ್ತಿದೆ.

ನನ್ನ ಸ್ವಂತ ಮನೆಯ ಕಥೆ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯನ್ನು ಒಡೆಸಿದೆ. ಪೂರ್ತಿ. ಊರಿಗೆಲ್ಲ ಬುದ್ಧಿ ಹೇಳುವವನು, ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಬೆಳಕು ಬಂತು, ಅದ್ಭುತ. ಫೋಟೋ ತೆಗೆದೆ. ಒಂದು ತಿಂಗಳಾದ ಮೇಲೆ ಗೊತ್ತಾಯಿತು, ಆ ಗೋಡೆ ಎಷ್ಟು ಕೆಲಸ ಮಾಡುತ್ತಿತ್ತು ಅಂತ. ಆ ಕಡೆ ಕಪಾಟುಗಳನ್ನು ಹೊತ್ತಿತ್ತು. ಈ ಕಡೆ ಸೋಫಾಕ್ಕೆ ಬೆನ್ನು ಕೊಟ್ಟಿತ್ತು. ಪಾತ್ರೆಯ ಸದ್ದು, ಮಿಕ್ಸಿಯ ಸದ್ದು ತಡೆದಿತ್ತು. ಮಗಳಿಗೆ ಪರೀಕ್ಷೆ ಬಂದಾಗ ಓದಲು ಮನೆಯಲ್ಲಿ ಸದ್ದಿಲ್ಲದ ಜಾಗವೇ ಉಳಿದಿರಲಿಲ್ಲ. ಎರಡು ವರ್ಷಕ್ಕೆ ಅಲ್ಲೇ ಮತ್ತೆ ಒಂದು ಅಡ್ಡ ಕಟ್ಟಿಸಿದೆ. ಕೆಳಗೆ ಮೂರು ಅಡಿ ಗೋಡೆ, ಮೇಲೆ ಗಾಜು, ಒಂದು ಜಾರು ಬಾಗಿಲು. ಬೆಳಕು ಹಾಗೇ ಇದೆ. ಸದ್ದು ನಿಂತಿತು. ಅದನ್ನು ಮೊದಲೇ ಮಾಡಬಹುದಿತ್ತು ಅಂತ ಮನೆಯಲ್ಲಿ ಇವತ್ತಿಗೂ ನೆನಪಿಸುತ್ತಾರೆ.

ಬೇಕಾದಾಗ ತೆರೆದು, ಬೇಡದಾಗ ಮುಚ್ಚುವ ಗೋಡೆ ಹೊಸ ವಿಚಾರವೇನಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ 1924ರಲ್ಲಿ ಗೆರಿಟ್ ರೀಟ್‌ವೆಲ್ಡ್ ಎಂಬ ವಾಸ್ತುಶಿಲ್ಪಿ ಒಂದು ಮನೆ ಕಟ್ಟಿದರು. ಮನೆಯೊಡತಿ ತ್ರೂಸ್ ಶ್ರೋಡರ್, ಗಂಡ ತೀರಿಕೊಂಡಿದ್ದರು, ಮೂರು ಮಕ್ಕಳು. ಮೇಲಿನ ಮಹಡಿಯಲ್ಲಿ ಜಾರುವ ಹಲಗೆಗಳು. ಹಗಲು ಎಲ್ಲಾ ಸರಿಸಿದರೆ ಒಂದೇ ದೊಡ್ಡ ಜಾಗ. ರಾತ್ರಿ ಎಳೆದರೆ ಕೋಣೆಗಳು. ಆ ಯೋಚನೆಯಲ್ಲಿ ಮನೆಯೊಡತಿಯದೂ ದೊಡ್ಡ ಪಾಲಿತ್ತು. ಅಲ್ಲಿ ಇರುವವರು ಅವರು ತಾನೇ.

ಒಡೆಯಲೇಬೇಕು ಅಂತಾದರೆ, ಆ ಗೋಡೆ ಭಾರ ಹೊತ್ತಿದೆಯಾ ಅಂತ ತಿಳಿಯಬೇಕು. ಒಂಬತ್ತು ಇಂಚು ಗೋಡೆ ಭಾರ ಹೊರುತ್ತದೆ, ನಾಲ್ಕೂವರೆ ಇಂಚಿನದು ಹೊರುವುದಿಲ್ಲ ಅನ್ನುವ ಮಾತಿದೆ. ಅಂದಾಜಿಗೆ ಸರಿ, ಒಡೆಯಲು ಆಧಾರವಲ್ಲ. ತಟ್ಟಿ ಸದ್ದು ಕೇಳಿ ಹೇಳುವವರನ್ನಂತೂ ನಂಬಲೇಬೇಡಿ. ಮೇಲಿನ ಮಹಡಿಯಲ್ಲಿ ಅದೇ ಜಾಗದಲ್ಲಿ ಗೋಡೆ ಇದೆಯಾ? ಸ್ಲ್ಯಾಬಿನ ಕಬ್ಬಿಣ ಯಾವ ದಿಕ್ಕಿಗೆ ಹೋಗಿದೆ? ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳಬೇಕು. "ನಮ್ಮದು ಪಿಲ್ಲರ್ ಮನೆ, ಯಾವ ಗೋಡೆ ಬೇಕಾದರೂ ತೆಗೀಬಹುದು" ಅನ್ನುವವರೂ ಇದ್ದಾರೆ. ನಿಂತ ಭಾರದ ಮಟ್ಟಿಗೆ ಅದು ಹೆಚ್ಚಾಗಿ ನಿಜ. ಆದರೆ ಭೂಮಿ ಅಲುಗಿದಾಗ ಪಿಲ್ಲರುಗಳ ನಡುವಿನ ಇಟ್ಟಿಗೆ ಗೋಡೆಗಳೂ ಕಟ್ಟಡಕ್ಕೆ ಬಿಗಿ ಕೊಡುತ್ತವೆ. ಕೆಳ ಮಹಡಿಯಲ್ಲಿ ಮಾತ್ರ ಗೋಡೆಗಳನ್ನೆಲ್ಲ ತೆಗೆದರೆ ಆ ಮಹಡಿಯೇ ಸಡಿಲವಾಗುತ್ತದೆ. ಇಲ್ಲಿ ನಾನು ತಮಾಷೆ ಮಾಡುವುದಿಲ್ಲ. ಇದೊಂದು ವಿಷಯದಲ್ಲಿ ನನ್ನ ಮಾತನ್ನೂ ಕೇಳಬೇಡಿ, ಸ್ಥಳಕ್ಕೆ ಬಂದು ನೋಡಿದ ಎಂಜಿನಿಯರ್ ಮಾತು ಕೇಳಿ.

ಎಂಜಿನಿಯರ್ ಮನಸ್ಸು ಮಾಡಿದರೆ ಏನೇನು ಸಾಧ್ಯ ಅನ್ನುವುದಕ್ಕೆ ಪ್ಯಾರಿಸ್ಸಿನ ಒಂದು ಮನೆ ಉದಾಹರಣೆ. 1928ರಿಂದ 1932ರವರೆಗೆ ಅದರ ಕೆಲಸ ನಡೆಯಿತು. ಡಾಕ್ಟರೊಬ್ಬರ ಕೈಗೆ ಹಳೆ ಕಟ್ಟಡ ಬಂತು, ಒಡೆದು ಹೊಸದು ಕಟ್ಟುವ ಆಸೆ. ಆದರೆ ಮೇಲಿನ ಮಹಡಿಯ ಬಾಡಿಗೆಯವರು ಬಿಡಲು ಒಪ್ಪಲಿಲ್ಲ. ಆ ಮನೆ ರೂಪಿಸಿದ ಪಿಯರ್ ಶಾರೋ ಮತ್ತು ಬರ್ನಾರ್ಡ್ ಬೈಫೂಟ್ ಏನು ಮಾಡಿದರು ಗೊತ್ತಾ? ಮೇಲಿನ ಮಹಡಿಯನ್ನು ಹಾಗೇ ಇಟ್ಟು, ಉಕ್ಕಿನ ಕಂಬ ಕೊಟ್ಟು, ಅದರ ಕೆಳಗಿದ್ದುದನ್ನೆಲ್ಲ ತೆಗೆದು ಹೊಸ ಮನೆ ಮಾಡಿದರು. ಅಂಗಳದ ಕಡೆಗೆ ಪೂರ್ತಿ ಗಾಜಿನ ಇಟ್ಟಿಗೆಯ ಗೋಡೆ. ಬೆಳಕು ಒಳಗೆ ಬರುತ್ತದೆ, ನೆರೆಯವರ ಕಣ್ಣು ಬರುವುದಿಲ್ಲ. ಎದುರಿಗೆ ಇನ್ನೊಂದು ಮನೆ ಒತ್ತಿಕೊಂಡಿರುವವರಿಗೆ ಗಾಜಿನ ಇಟ್ಟಿಗೆ ಇವತ್ತಿಗೂ ಒಳ್ಳೆಯ ಉಪಾಯ.

ಆದರೆ ನಿಜ ಹೇಳಲಾ? ಜಾಗ ಸಿಗುವುದು ಗೋಡೆ ಒಡೆದಾಗಲ್ಲ, ಬಾಗಿಲು ಸರಿಸಿದಾಗ. ಒಂದು ಕೋಣೆ ತಗೊಳ್ಳಿ, 10 ಅಡಿ ಅಗಲ, 12 ಅಡಿ ಉದ್ದ. ಒಟ್ಟು 120 ಚದರ ಅಡಿ. ಎರಡು ಬಾಗಿಲು, ಎದುರುಬದುರು ಮೂಲೆಗಳಲ್ಲಿ. ಜನ ಒಂದರಿಂದ ಇನ್ನೊಂದಕ್ಕೆ ಓರೆಯಾಗಿ ನಡೆಯುತ್ತಾರೆ. ನಡೆಯಲು ಮೂರು ಅಡಿ ಅಗಲ ಬೇಕು. ಆ ದಾರಿಯೇ 40 ಚದರ ಅಡಿಗೂ ಜಾಸ್ತಿ ತಿಂದಿತು. ಉಳಿದದ್ದು ಎರಡು ತ್ರಿಕೋನ, ಅದರಲ್ಲಿ ಮಂಚವೂ ಕೂರುವುದಿಲ್ಲ, ಮೇಜೂ ಕೂರುವುದಿಲ್ಲ. ಈಗ ಒಂದು ಬಾಗಿಲನ್ನು ಸರಿಸಿ ಎರಡೂ ಒಂದೇ ತುದಿಯಲ್ಲಿ ಬರುವಂತೆ ಮಾಡಿ. ದಾರಿ 10 ಅಡಿ ಉದ್ದ, 3 ಅಡಿ ಅಗಲ, 30 ಚದರ ಅಡಿ. ಉಳಿದದ್ದು 10 ಕ್ಕೆ 9 ಅಡಿಯ ಚೌಕ, ಅಖಂಡವಾಗಿ. ಕೋಣೆ ಒಂದು ಇಂಚೂ ಬೆಳೆಯಲಿಲ್ಲ, ಆದರೂ ಮನೆಯವರು "ದೊಡ್ಡದಾಯ್ತು" ಅನ್ನುತ್ತಾರೆ.

ಇದಕ್ಕೆ ನಿಮ್ಮ ಮನೆಯ ನಕ್ಷೆ ಒಂದನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್ ಕಟ್ಟಿ. ಒಂದು ದಿನ ಯಾರು ಎಲ್ಲಿಂದ ಎಲ್ಲಿಗೆ ಹೋದರೂ ಒಂದು ಗೆರೆ ಎಳೆಯಲಿ. ಮಕ್ಕಳು ಖುಷಿಯಿಂದ ಮಾಡುತ್ತಾರೆ, ಸ್ವಲ್ಪ ಜಾಸ್ತಿಯೇ ಮಾಡುತ್ತಾರೆ. ಸಂಜೆಗೆ ಗೆರೆಗಳು ದಟ್ಟವಾದ ಕಡೆ ಏನೂ ಇಡಬೇಡಿ. ಗೆರೆಯೇ ಬೀಳದ ಕಡೆಯನ್ನು ಆಗ ಹೇಳಿದ ಸೀಮೆಸುಣ್ಣದ ಗೆರೆಯ ಜೊತೆ ಹೋಲಿಸಿ ನೋಡಿ. ಬಹಳ ಸಲ ಎರಡೂ ಒಂದೇ ಜಾಗ.

ಅಡುಗೆಮನೆಯಲ್ಲಿ ಈ ಗೆರೆಗಳ ಲೆಕ್ಕವನ್ನು ತುಂಬಾ ಹಿಂದೆಯೇ ಮಾಡಿದ್ದಾರೆ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ ಸುಮಾರು 3.4 ಮೀಟರ್. ಅಷ್ಟರಲ್ಲೇ ಕೆಲಸದ ಕಟ್ಟೆ ಕಿಟಕಿಯ ಕೆಳಗೆ, ಕೂತು ಕೆಲಸ ಮಾಡಲು ಸ್ಟೂಲು, ಚಾವಣಿಯಲ್ಲಿ ಹಳಿಯ ಮೇಲೆ ಸರಿಯುವ ದೀಪ, ಪಕ್ಕದ ಕೋಣೆಗೆ ಜಾರು ಬಾಗಿಲು. ಅಂಥವು ಸುಮಾರು 10,000 ಆದವು. ಇವತ್ತಿನ ಮಾಡ್ಯುಲರ್ ಕಿಚನ್ ಅದರ ಮೊಮ್ಮಗು. ಆಮೇಲೆ 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಲೆ, ಸಿಂಕು, ಫ್ರಿಜ್ಜು ಈ ಮೂರರ ತ್ರಿಕೋನದ ನಿಯಮ ತಂದರು. ಮೂರು ಬದಿ ಸೇರಿ 26 ಅಡಿ ಮೀರಬಾರದು. ಒಂದೊಂದು ಬದಿ 4ರಿಂದ 9 ಅಡಿ. ಒಳ್ಳೆಯ ನಿಯಮವೇ. ಆದರೆ ಎರಡೂ ಯೋಚನೆಗಳಲ್ಲಿ ಒಬ್ಬರೇ ಅಡುಗೆ ಮಾಡುತ್ತಾರೆ ಅಂತ ಇದೆ. ಇಬ್ಬರು ಕೈಹಾಕುವ ಮನೆಯಾದರೆ ತ್ರಿಕೋನಕ್ಕಿಂತ, ಎದುರುಬದುರು ಕಟ್ಟೆಗಳ ನಡುವೆ ನಾಲ್ಕು ಅಡಿ ಇದೆಯಾ ಅನ್ನುವುದು ಮುಖ್ಯ. ಕಟ್ಟೆಯ ಎತ್ತರವನ್ನು ಕ್ಯಾಟಲಾಗ್ ನೋಡಿ ಆರಿಸಬೇಡಿ. ಹೆಚ್ಚು ಹೊತ್ತು ನಿಲ್ಲುವವರ ಮೊಣಕೈಯಿಂದ ನಾಲ್ಕರಿಂದ ಆರು ಇಂಚು ಕೆಳಗೆ ಇರಲಿ. ಒಂದು ಮನೆಯಲ್ಲಿ ನಾನು ಅಳತೆ ತೆಗೆದದ್ದು ಮನೆಯ ಯಜಮಾನರದು. ಅಡುಗೆ ಮಾಡುವವರು ಬೇರೆಯವರು. ಇನ್ನು ಹಾಗೆ ಮಾಡುವುದಿಲ್ಲ.

ಕಪಾಟಿನ ಬಗ್ಗೆ ಚುಟುಕಾಗಿ. ಎರಡು ಅಡಿ ಆಳದ ಕಪಾಟಿನಲ್ಲಿ ಹಿಂದಿನ ಸಾಲು ಮರೆತುಹೋಗುತ್ತದೆ, ಅದೇ ಸಾಮಾನು ಮತ್ತೆ ಕೊಳ್ಳುತ್ತೀರಿ. ಬಟ್ಟೆ ಬಿಟ್ಟರೆ ಹೆಚ್ಚಿನದಕ್ಕೆ ಒಂದು ಅಡಿ ಆಳ ಸಾಕು. ನೆಲ ಜಾಸ್ತಿ ಕಂಡಷ್ಟೂ ಕೋಣೆ ದೊಡ್ಡದು ಅನ್ನಿಸುತ್ತದೆ. ಹಾಗಾಗಿ ಕಾಲಿರುವ ಸೋಫಾ, ಕಾಲಿರುವ ಮಂಚ.

ನನ್ನ ಸಮಯ ಮುಗಿಯಿತು ಅಂತ ಸನ್ನೆ ಬಂದಿದೆ. ಪ್ರಶ್ನೆಗಳಿದ್ದರೆ ಕೇಳಿ.

(ಪ್ರಶ್ನೆಗಳು ಹಲವು ಬಂದವು. ಎರಡನ್ನು ಬರೆಯುತ್ತೇನೆ.)

ಒಬ್ಬರು ಕೇಳಿದರು, "ಹಗಲಿನದು ಆಯ್ತು. ರಾತ್ರಿ ದೀಪ ಎಷ್ಟು ಹಾಕಿದರೂ ಮನೆ ಮಂಕು. ಯಾಕೆ?"

ಚಾವಣಿಯ ನಡುವೆ ಒಂದೇ ದೊಡ್ಡ ದೀಪ ಇದೆಯಾ ಅಂತ ಕೇಳಿದೆ. ಹೌದು ಅಂದರು. ಅದು ನೆಲವನ್ನು ಬೆಳಗುತ್ತದೆ. ನಾವು ನೋಡುವುದು ಗೋಡೆಯನ್ನು. ನಿಂತಾಗ, ಕೂತಾಗ, ಕಣ್ಣೆದುರು ಇರುವುದು ಗೋಡೆ ತಾನೇ. ಅದೇ ವಿದ್ಯುತ್ತನ್ನು ಮೂರು ಸಣ್ಣ ದೀಪಗಳಿಗೆ ಹಂಚಿ, ಎರಡನ್ನು ಗೋಡೆಯ ಮೇಲೆ ಬೀಳುವಂತೆ ತಿರುಗಿಸಿ. ದೀಪದ ಡಬ್ಬಿಯ ಮೇಲೆ ಕೆ (K, ಕೆಲ್ವಿನ್) ಅಂತ ಒಂದು ಸಂಖ್ಯೆ ಇರುತ್ತದೆ, ಅದು ಬೆಳಕಿನ ಬಣ್ಣ ಹೇಳುತ್ತದೆ. ಸಂಜೆ ಕೂರುವ ಕೋಣೆಗೆ 2,700ರಿಂದ 3,000 ಇರಲಿ, ಬೆಚ್ಚನೆಯ ಬೆಳಕು. 6,500ರದ್ದು ನೀಲಿಗೆ ತಿರುಗಿದ ಬಿಳಿ, ಕೆಲಸದ ಜಾಗಕ್ಕೆ ಮಾತ್ರ. ಒಂದೇ ಕೋಣೆಯಲ್ಲಿ ಎರಡನ್ನೂ ಬೆರೆಸಬೇಡಿ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, "ನಮ್ಮದು ಬಾಡಿಗೆ ಮನೆ, ಒಂದು ಮೊಳೆ ಹೊಡೆಯಲೂ ಬಿಡಲ್ಲ. ನಾನು ಹೇಳಿದ್ದರಲ್ಲಿ ಏನು ಮಾಡಲಿ?" ಅಂದಳು. "ನಾನಲ್ಲ, ನೀವು ಹೇಳಿದ್ದರಲ್ಲಿ" ಅಂತ ತಾನೇ ತಿದ್ದಿಕೊಂಡಳು. ಎಲ್ಲರೂ ನಕ್ಕರು.

ಕಿಟಕಿಯ ಗಾಜು ಒರೆಸು, ಎರಡೂ ಕಡೆ. ಪರದೆಯ ಸರಳು ಕಿಟಕಿಗಿಂತ ಅಗಲ ಇರಲಿ, ಪರದೆ ಪೂರ್ತಿ ಗೋಡೆಯ ಮೇಲೆ ಸರಿದು ನಿಲ್ಲಬೇಕು, ಗಾಜಿನ ಮೇಲಲ್ಲ. ಮೊಳೆ ಬೇಡದ, ಒತ್ತಿ ನಿಲ್ಲುವ ಸರಳು ಚೌಕಟ್ಟಿನೊಳಗೇ ಕೂರುತ್ತದೆ, ಅದಾದರೆ ಪರದೆ ತೆಳ್ಳಗಿರಲಿ. ಒಂದು ಉದ್ದ ಕನ್ನಡಿಯನ್ನು ಕಿಟಕಿಯ ಪಕ್ಕದ ಗೋಡೆಗೆ ಒರಗಿಸು, ಬೀಳದಂತೆ ಕೆಳಗೆ ಏನಾದರೂ ಒತ್ತು ಕೊಡು. ಓದುವ ಮೇಜು ಈಗ ಎಲ್ಲಿದೆ ಅಂತ ಕೇಳಿದೆ. ಕಪಾಟಿನ ಪಕ್ಕ, ಗೋಡೆಗೆ ಮುಖ ಮಾಡಿ ಅಂದಳು. ಕಿಟಕಿಯ ಹತ್ತಿರ ಏನಿದೆ?

"ಕಪಾಟು" ಅಂದಳು.

ಎರಡನ್ನೂ ಅದಲುಬದಲು ಮಾಡಿ ವಾರ ಬಿಟ್ಟು ಫೋನ್ ಮಾಡು ಅಂತ ನಂಬರ್ ಕೊಟ್ಟೆ.